ಅಪರೂಪದ ಕಡಲುಗಳಲ್ಲಿ ಹುಟ್ಟುವ ಚಂಡಮಾರುತಗಳಿಗೆ ಹೆಸರಿಡುವ ಕ್ರಮ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರಗಳಲ್ಲಿ ಹುಟ್ಟುವ ಚಂಡಮಾರುತಗಳಿಗೆ 2004ನೇ ಸಾಲಿನಿಂದ ಹೆಸರಿಡಲಾಗುತ್ತಿದೆ. ನಿಸರ್ಗ, ತೌಕ್ತೆ, ಬಿಪರ್‌ಜಾಯ್ ಮುಂತಾದ ಹೆಸರುಗಳು ಪತ್ರಿಕೆ, ಆಕಾಶವಾಣಿ ಮತ್ತು ದೂರದರ್ಶನಗಳ ಮೂಲಕ ರಾಜ್ಯದ ಜನತೆಗೆ ಪರಿಚಿತವಾಗಿವೆ. ಈ ಹೆಸರುಗಳು ಮೊದಲೇ ಸಿದ್ಧಪಡಿಸಿದ ಪಟ್ಟಿಯಿಂದ ಬರುತ್ತವೆ ಎಂಬುದೂ ಅನೇಕರಿಗೆ ತಿಳಿದಿದೆ.

ಆದರೆ ಚಂಡಮಾರುತಗಳು ಸಾಮಾನ್ಯವಾಗಿ ಹುಟ್ಟದ ಕಡಲುಗಳೂ ಪ್ರಪಂಚದಲ್ಲಿವೆ. ದಕ್ಷಿಣ ಅಟ್ಲಾಂಟಿಕ್ ಸಾಗರ, ಮೆಡಿಟರೇನಿಯನ್ ಸಮುದ್ರ, ದಕ್ಷಿಣ ಅಮೆರಿಕದ ಪಶ್ಚಿಮಕ್ಕಿರುವ ಪೆಸಿಫಿಕ್ ಸಾಗರ ಹಾಗೂ ಸಮಭಾಜಕ ವೃತ್ತಕ್ಕೆ ತೀರ ಸಮೀಪದ ಜಲಪ್ರದೇಶಗಳು ಇವುಗಳಲ್ಲಿ ಮುಖ್ಯವಾದವು. ಇಂತಹ ಕಡೆ ಚಂಡಮಾರುತವೊಂದು ಹುಟ್ಟಿದರೆ ಅದಕ್ಕೆ ಹೆಸರಿಡುವವರು ಯಾರು, ಪಟ್ಟಿ ಇಲ್ಲದಿದ್ದಲ್ಲಿ ಏನು ಮಾಡಲಾಗುತ್ತದೆ, ಹೆಸರಿಲ್ಲದ ಕಾರಣದಿಂದ ಜನರಿಗೆ ಆಗುವ ತೊಂದರೆ ಏನು ಎಂಬ ವಿಷಯಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಹೆಸರಿನ ಅಗತ್ಯ

ಚಂಡಮಾರುತವನ್ನು ಅಕ್ಷಾಂಶ ಮತ್ತು ರೇಖಾಂಶಗಳ ಮೂಲಕ ಗುರುತಿಸಬಹುದು. ಆದರೆ ಅದು ಗಂಟೆಗಂಟೆಗೂ ಸ್ಥಳ ಬದಲಿಸುತ್ತದೆ. ಒಂದೇ ವೇಳೆಯಲ್ಲಿ ಎರಡು ಚಂಡಮಾರುತಗಳಿದ್ದರೆ ಯಾವ ಎಚ್ಚರಿಕೆ ಯಾವುದಕ್ಕೆ ಸಂಬಂಧಿಸಿದ್ದು ಎಂಬ ಗೊಂದಲ ಉಂಟಾಗುತ್ತದೆ. ಸುಲಭವಾಗಿ ಉಚ್ಚರಿಸಬಹುದಾದ ಒಂದು ಚಿಕ್ಕ ಹೆಸರು ಈ ಗೊಂದಲವನ್ನು ನಿವಾರಿಸುತ್ತದೆ. ಬಂದರಿನ ಅಧಿಕಾರಿ, ದೋಣಿಯ ತಾಂಡೇಲ, ಜಿಲ್ಲಾಡಳಿತ ಮತ್ತು ಮನೆಯಲ್ಲಿ ರೇಡಿಯೊ ಕೇಳುವ ಗೃಹಿಣಿ ಇವರೆಲ್ಲರೂ ಒಂದೇ ಚಂಡಮಾರುತದ ಬಗ್ಗೆ ಮಾತನಾಡುತ್ತಿದ್ದಾರೆ ಎಂಬುದು ಖಚಿತವಾಗುತ್ತದೆ.

ಹೆಸರಿಗೆ ಇನ್ನೊಂದು ಅರ್ಥವೂ ಇದೆ. ಹೆಸರು ಇಡಲಾಗಿದೆ ಎಂದರೆ ಆ ಕಡಲನ್ನು ಗಮನಿಸುತ್ತಿರುವ, ಚಂಡಮಾರುತದ ಬಲವನ್ನು ಅಳೆದಿರುವ, ಅದರ ಮುಂದಿನ ದಾರಿಯನ್ನು ಪ್ರಕಟಿಸುವ ಹೊಣೆ ಹೊತ್ತಿರುವ ಒಂದು ಕಚೇರಿ ಇದೆ ಎಂದರ್ಥ. ಆದ್ದರಿಂದ ಅಪರೂಪದ ಕಡಲುಗಳಲ್ಲಿ ಹೆಸರಿನ ಪ್ರಶ್ನೆಯು ಮೂಲತಃ ಹೊಣೆಗಾರಿಕೆಯ ಪ್ರಶ್ನೆಯಾಗಿರುತ್ತದೆ.

3. ಹೆಸರಿಡುವ ಅಧಿಕಾರ

ವಿಶ್ವ ಹವಾಮಾನ ಸಂಸ್ಥೆಯ ವ್ಯವಸ್ಥೆಯಲ್ಲಿ ಚಂಡಮಾರುತಗಳು ವಾಡಿಕೆಯಾಗಿ ಹುಟ್ಟುವ ಕಡಲುಗಳನ್ನು ವಿಭಾಗಿಸಿ, ಪ್ರತಿ ವಿಭಾಗದ ಮೇಲ್ವಿಚಾರಣೆಯನ್ನು ನಿಗದಿತ ಕೇಂದ್ರಕ್ಕೆ ವಹಿಸಲಾಗಿದೆ. ಪ್ರಾದೇಶಿಕ ವಿಶೇಷ ಹವಾಮಾನ ಕೇಂದ್ರಗಳೆಂದು ಕರೆಯಲಾಗುವ ಇವುಗಳ ವಿವರ ಈ ಕೆಳಕಂಡಂತಿದೆ.

(ಅ) ಉತ್ತರ ಅಟ್ಲಾಂಟಿಕ್ ಮತ್ತು ಈಶಾನ್ಯ ಪೆಸಿಫಿಕ್: ಅಮೆರಿಕದ ಮಯಾಮಿ
(ಆ) ಮಧ್ಯ ಉತ್ತರ ಪೆಸಿಫಿಕ್: ಹವಾಯಿಯ ಹೊನೊಲುಲು
(ಇ) ವಾಯವ್ಯ ಪೆಸಿಫಿಕ್: ಜಪಾನಿನ ಟೋಕಿಯೊ
(ಈ) ಉತ್ತರ ಹಿಂದೂ ಮಹಾಸಾಗರ: ನವದೆಹಲಿ
(ಉ) ನೈಋತ್ಯ ಹಿಂದೂ ಮಹಾಸಾಗರ: ರಿಯೂನಿಯನ್ ದ್ವೀಪ (ಹೆಸರನ್ನು ಮಾರಿಷಸ್ ಮತ್ತು ಮಡಗಾಸ್ಕರ್ ದೇಶಗಳ ಹವಾಮಾನ ಕಚೇರಿಗಳು ಇಡುತ್ತವೆ)
(ಊ) ನೈಋತ್ಯ ಪೆಸಿಫಿಕ್: ಫಿಜಿಯ ನಾಡಿ

ಇವಲ್ಲದೆ ಆಸ್ಟ್ರೇಲಿಯಾ, ಇಂಡೊನೇಷ್ಯಾ, ಪಪುವಾ ನ್ಯೂಗಿನಿ ಮತ್ತು ನ್ಯೂಜಿಲೆಂಡ್ ದೇಶಗಳ ಎಚ್ಚರಿಕೆ ಕೇಂದ್ರಗಳೂ ತಮ್ಮ ವ್ಯಾಪ್ತಿಯಲ್ಲಿ ಕಾರ್ಯ ನಿರ್ವಹಿಸುತ್ತವೆ. ಗಾಳಿಯ ನಿರಂತರ ವೇಗವು 34 ನಾಟ್, ಅಂದರೆ ಗಂಟೆಗೆ ಸುಮಾರು 63 ಕಿ.ಮೀ. ತಲುಪಿದಾಗ ಹೆಸರಿಡುವುದು ಸಾಮಾನ್ಯ ಕ್ರಮವಾಗಿದೆ. ಅದಕ್ಕಿಂತ ಕಡಿಮೆ ಬಲದ ವಾಯುಭಾರ ಕುಸಿತಗಳಿಗೆ ಭಾರತದ ಕಡಲುಗಳಲ್ಲಿ ಹೆಸರಿರುವುದಿಲ್ಲ.

ಮೇಲ್ಕಂಡ ಪಟ್ಟಿಯಲ್ಲಿ ದಕ್ಷಿಣ ಅಟ್ಲಾಂಟಿಕ್, ಮೆಡಿಟರೇನಿಯನ್ ಮತ್ತು ಆಗ್ನೇಯ ಪೆಸಿಫಿಕ್ ಇಲ್ಲದಿರುವುದನ್ನು ಗಮನಿಸಬಹುದು. ಹಾಗೆಂದ ಮಾತ್ರಕ್ಕೆ ಆ ಕಡಲುಗಳಲ್ಲಿ ಎಚ್ಚರಿಕೆಯ ವ್ಯವಸ್ಥೆಯೇ ಇಲ್ಲವೆಂದು ಭಾವಿಸಬಾರದು. ಹಡಗುಗಳ ಸುರಕ್ಷತೆಗಾಗಿ ಪ್ರಪಂಚದ ಎಲ್ಲ ಸಾಗರಗಳನ್ನು 21 ಹವಾಮಾನ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದ ಹೊಣೆಯನ್ನು ಒಂದೊಂದು ದೇಶಕ್ಕೆ ನೀಡಲಾಗಿದೆ. ದಕ್ಷಿಣ ಅಟ್ಲಾಂಟಿಕ್‌ನ ಪಶ್ಚಿಮ ಭಾಗ ಬ್ರೆಜಿಲ್‌ಗೆ, ಮೆಡಿಟರೇನಿಯನ್ ಗ್ರೀಸ್‌ಗೆ, ಆಗ್ನೇಯ ಪೆಸಿಫಿಕ್ ಚಿಲಿ ಮತ್ತು ಪೆರು ದೇಶಗಳಿಗೆ, ಉತ್ತರ ಹಿಂದೂ ಮಹಾಸಾಗರ ಭಾರತಕ್ಕೆ ಸೇರಿವೆ. ಕರಾವಳಿ ಜಿಲ್ಲೆಗಳಿಂದ ವ್ಯಾಪಾರಿ ಹಡಗುಗಳಲ್ಲಿ ಉದ್ಯೋಗಕ್ಕೆ ತೆರಳಿರುವ ನಾವಿಕರಿಗೆ ಈ ವಲಯಗಳ ಪ್ರಕಟಣೆಗಳು ನಿತ್ಯದ ಆಧಾರವಾಗಿವೆ. ಅಂದರೆ ಎಚ್ಚರಿಕೆ ನೀಡುವ ಕರ್ತವ್ಯ ಎಲ್ಲ ಕಡಲುಗಳಲ್ಲೂ ಇದೆ. ಹೆಸರಿಡುವ ಪದ್ಧತಿ ಮಾತ್ರ ಕೆಲವು ಕಡಲುಗಳಲ್ಲಿ ಇರಲಿಲ್ಲ.

4. ಕೆಲವು ಕಡಲುಗಳಲ್ಲಿ ಚಂಡಮಾರುತ ಅಪರೂಪವಾಗಲು ಕಾರಣ

ಉಷ್ಣವಲಯದ ಚಂಡಮಾರುತ ಬೆಳೆಯಲು ನಾಲ್ಕು ಅನುಕೂಲಗಳು ಒಟ್ಟಿಗೆ ಕೂಡಿಬರಬೇಕು. ಮೊದಲನೆಯದು, ಸಾಮಾನ್ಯವಾಗಿ 26ರಿಂದ 27 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿಲ್ಲದ ಬೆಚ್ಚಗಿನ ಕಡಲ ನೀರು. ಎರಡನೆಯದು, ಮೇಲಿನ ಮತ್ತು ಕೆಳಗಿನ ಗಾಳಿಗಳ ವೇಗ ಹಾಗೂ ದಿಕ್ಕಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿರುವುದು. ಮೂರನೆಯದು, ಗಾಳಿಯನ್ನು ಸುತ್ತುವಂತೆ ಮಾಡಲು ಭೂಮಿಯ ಆವರ್ತನೆಯ ಪ್ರಭಾವ. ನಾಲ್ಕನೆಯದು, ಬೀಜರೂಪವಾಗಿ ಮೊದಲೇ ಇರಬೇಕಾದ ಮಳೆಮೋಡಗಳ ಗುಂಪು.

ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಗಾಳಿಗಳ ವ್ಯತ್ಯಾಸ ಹೆಚ್ಚು, ನೀರು ತಂಪು, ಬೀಜರೂಪದ ಮೋಡಗಳ ಗುಂಪುಗಳೂ ವಿರಳ. ಆಗ್ನೇಯ ಪೆಸಿಫಿಕ್‌ನಲ್ಲಿ ಪೆರು ಮತ್ತು ಚಿಲಿಯ ತೀರದುದ್ದಕ್ಕೂ ತಣ್ಣನೆಯ ಪ್ರವಾಹ ಹರಿಯುತ್ತದೆ. ಸಮಭಾಜಕ ವೃತ್ತದ ಸಮೀಪ ನೀರು ಬೆಚ್ಚಗಿದ್ದರೂ ಭೂಮಿಯ ಆವರ್ತನೆಯ ಪ್ರಭಾವ ಇಲ್ಲದಂತಾಗುವುದರಿಂದ ಸುಮಾರು 5 ಡಿಗ್ರಿ ಅಕ್ಷಾಂಶದ ಒಳಗೆ ಚಂಡಮಾರುತ ಹುಟ್ಟುವುದು ಬಹು ವಿರಳ. ಮೆಡಿಟರೇನಿಯನ್ ಸಮುದ್ರವು ಉಷ್ಣವಲಯದ ಹೊರಗಿದ್ದು ವಿಸ್ತಾರದಲ್ಲಿಯೂ ಚಿಕ್ಕದು. ಆದರೂ ಮೇಲಿನ ವಾಯುಮಂಡಲದಲ್ಲಿ ತಂಪು ಗಾಳಿ ಬಂದು ನಿಂತಾಗ ಅಲ್ಲಿ ಉಷ್ಣವಲಯದ ಚಂಡಮಾರುತವನ್ನೇ ಹೋಲುವ ಸುಳಿಗಳು ಆಗೊಮ್ಮೆ ಈಗೊಮ್ಮೆ ಹುಟ್ಟುತ್ತವೆ. ಅಪರೂಪ ಎಂದರೆ ಅಸಾಧ್ಯ ಎಂದಲ್ಲ ಎಂಬುದಕ್ಕೆ ಮುಂದಿನ ಉದಾಹರಣೆಗಳು ಸಾಕ್ಷಿಯಾಗಿವೆ.

5. ಬ್ರೆಜಿಲ್: ಹೆಸರಿಲ್ಲದೆ ಬಂದ ಚಂಡಮಾರುತ

ಮಾರ್ಚ್ 2004ರಲ್ಲಿ ದಕ್ಷಿಣ ಬ್ರೆಜಿಲ್‌ನ ಪೂರ್ವಕ್ಕೆ ಕಡಲಿನಲ್ಲಿದ್ದ ವಾಯುಭಾರ ಕುಸಿತವೊಂದು ವಾಡಿಕೆಯಂತೆ ತೀರದಿಂದ ದೂರ ಸರಿಯದೆ ಪಶ್ಚಿಮಕ್ಕೆ, ಅಂದರೆ ತೀರದ ಕಡೆಗೆ ತಿರುಗಿತು. ಉಪಗ್ರಹ ಚಿತ್ರಗಳಲ್ಲಿ ಅದರ ನಡುವೆ ಸ್ಪಷ್ಟವಾದ ಕಣ್ಣು ಕಾಣಿಸಿತು. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಚಂಡಮಾರುತವೇ ಹುಟ್ಟುವುದಿಲ್ಲ ಎಂಬುದು ಅಂದಿನವರೆಗಿನ ರೂಢಿಯ ನಂಬಿಕೆ. ಆದ್ದರಿಂದ ಇದು ನಿಜಕ್ಕೂ ಚಂಡಮಾರುತವೇ ಅಲ್ಲವೇ ಎಂಬ ಬಗ್ಗೆ ತಜ್ಞರಲ್ಲಿಯೇ ಭಿನ್ನಾಭಿಪ್ರಾಯ ತಲೆದೋರಿತು. ಅದಕ್ಕೆ ಇಡಲು ಯಾವ ಪಟ್ಟಿಯಲ್ಲಿಯೂ ಹೆಸರಿರಲಿಲ್ಲ.

ಮಾರ್ಚ್ 28ರಂದು ಅದು ಸಾಂಟಾ ಕ್ಯಾಟರೀನಾ ಮತ್ತು ರಿಯೊ ಗ್ರಾಂಡೆ ಡೊ ಸುಲ್ ರಾಜ್ಯಗಳ ತೀರವನ್ನು ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 150 ಕಿ.ಮೀ. ಇತ್ತೆಂದು ಅಂದಾಜಿಸಲಾಗಿದೆ. ಸುಮಾರು 40,000 ಮನೆಗಳಿಗೆ ಹಾನಿಯಾಯಿತು. ಬಾಳೆ ಮತ್ತು ಭತ್ತದ ಬೆಳೆಗಳು ನೆಲಕಚ್ಚಿದವು, ಪ್ರಾಣಹಾನಿಯೂ ಸಂಭವಿಸಿತು. ಹೊಡೆತ ತಿಂದ ರಾಜ್ಯದ ಹೆಸರೇ ಚಂಡಮಾರುತಕ್ಕೂ ಅಂಟಿಕೊಂಡು ಅದು ಕ್ಯಾಟರೀನಾ ಎಂದು ಪ್ರಸಿದ್ಧವಾಯಿತು. ಇದು ಯಾವ ಅಧಿಕೃತ ಪಟ್ಟಿಯಿಂದಲೂ ಬಂದ ಹೆಸರಲ್ಲ. ಮರುವರ್ಷ, ಆಗಸ್ಟ್ 2005ರಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ ಕತ್ರಿನಾ ಚಂಡಮಾರುತದೊಡನೆ ಈ ಹೆಸರು ಇಂದಿಗೂ ಬೆರೆತುಹೋಗುವುದುಂಟು. ಪೂರ್ವಯೋಜನೆಯಿಲ್ಲದ ಹೆಸರಿನಿಂದ ಆಗುವ ಅನನುಕೂಲಕ್ಕೆ ಇದು ಒಂದು ನಿದರ್ಶನ.

ಮಾರ್ಚ್ 2010ರಲ್ಲಿ ಅದೇ ಕಡಲಿನಲ್ಲಿ ಮತ್ತೊಂದು ಚಂಡಮಾರುತ ಹುಟ್ಟಿತು. ಅದಕ್ಕೂ ಪಟ್ಟಿಯಿರಲಿಲ್ಲ; ಹವಾಮಾನ ಸಂಸ್ಥೆಗಳು ಪರಸ್ಪರ ಸಮಾಲೋಚಿಸಿ ಅನಿತಾ ಎಂಬ ಹೆಸರನ್ನು ನೀಡಿದವು. 2011ರಲ್ಲಿ ಬ್ರೆಜಿಲ್ ನೌಕಾಪಡೆಯ ಜಲಮಾಪನ ಕೇಂದ್ರವು ತನ್ನದೇ ಹೆಸರುಗಳ ಪಟ್ಟಿಯನ್ನು ಬಳಕೆಗೆ ತಂದಿತು. ಹಡಗುಗಳಿಗೆ ಎಚ್ಚರಿಕೆ ನೀಡುವ ಹೊಣೆ ಮೊದಲಿನಿಂದಲೂ ನೌಕಾಪಡೆಯದೇ ಆಗಿತ್ತು. ಹೀಗಾಗಿ ಹೊಸ ಕಚೇರಿಯನ್ನು ತೆರೆಯದೆ, ಇದ್ದ ಹೊಣೆಗೆ ಹೆಸರಿಡುವ ಕೆಲಸವನ್ನು ಸೇರಿಸಿದಂತಾಯಿತು.

ಈ ಪಟ್ಟಿಯ ಹೆಸರುಗಳನ್ನು ಆ ನಾಡಿನ ಮೂಲನಿವಾಸಿಗಳ ನುಡಿಗಳಿಂದ, ಮುಖ್ಯವಾಗಿ ತುಪಿ-ಗ್ವಾರಾನಿ ಭಾಷಾವರ್ಗದಿಂದ ಆರಿಸಲಾಗಿದೆ. ಮಾರ್ಚ್ 2011ರ ಅರಾನಿ ಮೊದಲನೆಯದು. ಬಾಲಕ ಎಂಬ ಅರ್ಥದ ಕುರುಮಿ, ಹೂವು ಎಂಬ ಅರ್ಥದ ಪೊತಿರಾ, ದೋಣಿ ಎಂಬ ಅರ್ಥದ ಉಬಾ, ಆಕಾಶದ ಸದ್ದು ಎಂಬ ಅರ್ಥದ ಯಾಕೆಕಾನ್ ಮುಂತಾದವು ನಂತರ ಬಂದವು. ಮೇ 2022ರ ಯಾಕೆಕಾನ್‌ನೊಂದಿಗೆ ಮೊದಲ ಪಟ್ಟಿಯ 15 ಹೆಸರುಗಳು ಮುಗಿದವು. ಫೆಬ್ರವರಿ 2024ರಲ್ಲಿ ಅಕಾರಾ ಎಂಬ ಹೆಸರಿನಿಂದ ಹೊಸ ಪಟ್ಟಿ ಆರಂಭವಾಯಿತು. ಇವುಗಳಲ್ಲಿ ಹೆಚ್ಚಿನವು ಉಷ್ಣವಲಯದ ಮತ್ತು ಸಮಶೀತೋಷ್ಣ ವಲಯದ ಲಕ್ಷಣಗಳೆರಡನ್ನೂ ಹೊಂದಿದ ಉಪ-ಉಷ್ಣವಲಯದ ಚಂಡಮಾರುತಗಳು. ಮಾರ್ಚ್ 2019ರ ಇಬಾ ಮತ್ತು 2024ರ ಅಕಾರಾ ಪೂರ್ಣವಾಗಿ ಉಷ್ಣವಲಯದ ಸ್ವರೂಪ ತಾಳಿದವು.

ಹನ್ನೊಂದು ವರ್ಷಗಳಲ್ಲಿ ಹದಿನೈದು ಹೆಸರುಗಳು ಖರ್ಚಾದವು ಎಂಬುದು ಗಮನಾರ್ಹ. ಚಂಡಮಾರುತವಿಲ್ಲದ ಕಡಲು ಎಂದು ಕರೆಸಿಕೊಂಡಿದ್ದ ಕಡೆ ಕ್ರಮಬದ್ಧವಾಗಿ ಗಮನಿಸಲಾರಂಭಿಸಿದ ಮೇಲೆ ಲೆಕ್ಕ ಸಿಗತೊಡಗಿತು.

6. ಮೆಡಿಟರೇನಿಯನ್: ಒಂದು ಚಂಡಮಾರುತ, ಹಲವು ಹೆಸರು

ಬ್ರೆಜಿಲ್‌ನಲ್ಲಿ ಹೆಸರಿನ ಕೊರತೆಯಿದ್ದರೆ ಮೆಡಿಟರೇನಿಯನ್‌ನಲ್ಲಿ ಹೆಸರುಗಳ ಹೆಚ್ಚಳವೇ ಸಮಸ್ಯೆಯಾಗಿದೆ. ಜರ್ಮನಿಯ ಬರ್ಲಿನ್ ಮುಕ್ತ ವಿಶ್ವವಿದ್ಯಾಲಯವು ಯೂರೋಪಿನ ವಾಯುಭಾರ ಕುಸಿತಗಳಿಗೆ 1954ರಿಂದ ಹೆಸರಿಡುತ್ತಿದೆ. 2002ರಿಂದ ನಿಗದಿತ ಶುಲ್ಕ ಪಾವತಿಸಿದ ನಾಗರಿಕರು ತಾವು ಬಯಸಿದ ಹೆಸರನ್ನು ಕೊಡಿಸುವ ಅವಕಾಶವೂ ಅಲ್ಲಿದೆ. ನವೆಂಬರ್ 2011ರಲ್ಲಿ ಮೆಡಿಟರೇನಿಯನ್‌ನ ಪಶ್ಚಿಮ ಭಾಗದಲ್ಲಿ ಹುಟ್ಟಿದ ಚಂಡಮಾರುತವು ಈ ಪಟ್ಟಿಯಿಂದ ರೋಲ್ಫ್ ಎಂಬ ಹೆಸರು ಪಡೆಯಿತು. ಅದೇ ಚಂಡಮಾರುತವನ್ನು ಅಮೆರಿಕದ ಉಪಗ್ರಹ ವಿಭಾಗವು 01ಎಂ ಎಂಬ ಸಂಖ್ಯೆಯಿಂದ ಗುರುತಿಸಿತು.

ಸೆಪ್ಟೆಂಬರ್ 2020ರಲ್ಲಿ ಗ್ರೀಸ್ ದೇಶದ ಅಯೋನಿಯನ್ ದ್ವೀಪಗಳನ್ನು ಅಪ್ಪಳಿಸಿ, ಒಳನಾಡಿನ ಕಾರ್ದಿತ್ಸಾ ಪಟ್ಟಣವನ್ನು ಜಲಾವೃತಗೊಳಿಸಿದ ಚಂಡಮಾರುತಕ್ಕೆ ಅಥೆನ್ಸ್ ರಾಷ್ಟ್ರೀಯ ವೀಕ್ಷಣಾಲಯ ಇಟ್ಟ ಹೆಸರು ಯಾನೋಸ್. ಅದನ್ನೇ ಇತರ ಕಡೆ ಕಸಿಲ್ಡಾ ಎಂದೂ ಉದಿನೆ ಎಂದೂ ಕರೆಯಲಾಯಿತು. ಒಂದು ದೇಶದ ದೂರದರ್ಶನ ಒಂದು ಹೆಸರನ್ನೂ ನೆರೆಯ ದೇಶದ ಪತ್ರಿಕೆ ಇನ್ನೊಂದು ಹೆಸರನ್ನೂ ಹೇಳಿದಾಗ, ಬರುತ್ತಿರುವುದು ಒಂದೋ ಮೂರೋ ಎಂಬ ಸಂಶಯ ಸಾಮಾನ್ಯ ಪ್ರಜೆಗೆ ಉಂಟಾಗುವುದು ಸಹಜ. ನಂತರದ ವರ್ಷಗಳಲ್ಲಿ ಗ್ರೀಸ್, ಸೈಪ್ರಸ್ ಮತ್ತು ಇಸ್ರೇಲ್ ದೇಶಗಳ ಹವಾಮಾನ ಇಲಾಖೆಗಳು ಸೇರಿ ಸಾಮಾನ್ಯ ಪಟ್ಟಿಯೊಂದನ್ನು ಬಳಸತೊಡಗಿದವು.

ಸೆಪ್ಟೆಂಬರ್ 2023ರ ಡೇನಿಯಲ್ ಆ ಪಟ್ಟಿಯ ಹೆಸರು. ಗ್ರೀಸ್‌ನ ಥೆಸಲಿ ಪ್ರಾಂತ್ಯದಲ್ಲಿ ಅಪಾರ ಪ್ರವಾಹ ಉಂಟುಮಾಡಿದ ಆ ಮಾರುತವು ಬಳಿಕ ದಕ್ಷಿಣಕ್ಕೆ ಸಾಗಿ, ಬೆಚ್ಚನೆಯ ಕಡಲ ಮೇಲೆ ಬಲಗೊಂಡು, ಸೆಪ್ಟೆಂಬರ್ 10ರಂದು ಲಿಬಿಯಾದ ತೀರವನ್ನು ತಲುಪಿತು. ಅಲ್ಲಿನ ಅಲ್ ಬೈದಾ ಪಟ್ಟಣದಲ್ಲಿ ಒಂದೇ ದಿನ 414 ಮಿ.ಮೀ. ಮಳೆ ದಾಖಲಾಯಿತು. ಅದೇ ರಾತ್ರಿ ದೆರ್ನಾ ನಗರದ ಮೇಲ್ಭಾಗದ ಎರಡು ಅಣೆಕಟ್ಟುಗಳು ಒಡೆದು ಸಾವಿರಾರು ಜನ ಮೃತಪಟ್ಟರು.

ಡೇನಿಯಲ್‌ಗೆ ಹೆಸರಿತ್ತು. ಲಿಬಿಯಾ ತಲುಪುವ ಹಲವು ದಿನಗಳ ಮೊದಲೇ ಅದನ್ನು ಪ್ರಕಟಿಸಲಾಗಿತ್ತು. ಲಿಬಿಯಾದ ಹವಾಮಾನ ಕೇಂದ್ರವೂ ಎಚ್ಚರಿಕೆ ನೀಡಿತ್ತು. ಆದರೆ ಎಚ್ಚರಿಕೆಯು ಅಣೆಕಟ್ಟಿನ ಕೆಳಗಿನ ಮನೆಗಳ ಜನರನ್ನು ಎತ್ತರದ ಸ್ಥಳಕ್ಕೆ ಸಾಗಿಸುವ ಕಾರ್ಯವಾಗಿ ಪರಿಣಮಿಸಲಿಲ್ಲ. ಹೆಸರಿಡುವುದು ಎಚ್ಚರಿಕೆಯ ಮೊದಲ ಹೆಜ್ಜೆಯೇ ವಿನಾ ಕೊನೆಯ ಹೆಜ್ಜೆಯಲ್ಲ ಎಂಬುದನ್ನು ಈ ದುರಂತವು ತೋರಿಸುತ್ತದೆ.

7. ದಕ್ಷಿಣ ಅಮೆರಿಕದ ಪಶ್ಚಿಮ ಕಡಲು

ಮೇ 2015ರಲ್ಲಿ ಚಿಲಿ ಮತ್ತು ಈಸ್ಟರ್ ದ್ವೀಪದ ನಡುವಿನ ಕಡಲಿನಲ್ಲಿ ಉಪ-ಉಷ್ಣವಲಯದ ಚಂಡಮಾರುತವೊಂದು ಕಾಣಿಸಿಕೊಂಡಿತು. ಸಂಶೋಧಕರು ಅದನ್ನು ಕೇಟಿ ಎಂದು ಅನಧಿಕೃತವಾಗಿ ಕರೆದರು. ಮಾರ್ಚ್ 2023ರಲ್ಲಿ ಪೆರು ದೇಶದ ತೀರದಾಚೆ ಉಂಟಾದ ವಾಯುಭಾರ ಕುಸಿತಕ್ಕೆ ಅಲ್ಲಿನ ರಾಷ್ಟ್ರೀಯ ಹವಾಮಾನ ಸಂಸ್ಥೆ ಯಾಕು ಎಂಬ ಹೆಸರಿಟ್ಟಿತು. ಸ್ಥಳೀಯ ಕೆಚುವಾ ಭಾಷೆಯಲ್ಲಿ ಯಾಕು ಎಂದರೆ ನೀರು. ಗಾಳಿಯ ಬಲದಲ್ಲಿ ಯಾಕು ದೊಡ್ಡದಾಗಿರಲಿಲ್ಲ. ಆದರೆ ಅದು ತಂದ ಮಳೆ ಉತ್ತರ ಪೆರುವಿನ ಒಣ ಪ್ರದೇಶಗಳಲ್ಲಿ ಪ್ರವಾಹ ಉಂಟುಮಾಡಿತು. ಜನರ ಭಾಷೆಯಲ್ಲಿ, ಜನರಿಗೆ ಎದುರಾಗಲಿರುವ ಅಪಾಯವನ್ನೇ ಹೇಳುವ ಹೆಸರು ಇದಾಗಿತ್ತು.

8. ಸಮಭಾಜಕ ವೃತ್ತದ ಸಮೀಪ: ಕಡಲು ಅಪರೂಪ, ಹೆಸರು ಸಿದ್ಧ

ಮೇಲಿನ ಪ್ರಕರಣಗಳಿಗೆ ವ್ಯತಿರಿಕ್ತವಾದವು ಈ ಪ್ರದೇಶದ ಪ್ರಕರಣಗಳು. ಡಿಸೆಂಬರ್ 2001ರಲ್ಲಿ ಸಿಂಗಪುರದ ಸಮೀಪ, ಸಮಭಾಜಕ ವೃತ್ತದಿಂದ ಕೇವಲ ಒಂದೂವರೆ ಡಿಗ್ರಿಯಷ್ಟು ಉತ್ತರಕ್ಕೆ, ಚಂಡಮಾರುತವೊಂದು ಹುಟ್ಟಿ ಮಲೇಷ್ಯಾದ ಜೊಹೊರ್ ತೀರವನ್ನು ಪ್ರವೇಶಿಸಿತು. ಅಲ್ಲಿ ಚಂಡಮಾರುತ ಹುಟ್ಟುತ್ತದೆಂದು ಯಾರೂ ನಿರೀಕ್ಷಿಸಿರಲಿಲ್ಲ. ಆದರೂ ಆ ಕಡಲು ಟೋಕಿಯೊ ಕೇಂದ್ರದ ವ್ಯಾಪ್ತಿಯಲ್ಲಿದ್ದುದರಿಂದ ಪಟ್ಟಿಯ ಮುಂದಿನ ಹೆಸರು ಸುಲಭವಾಗಿ ದೊರೆಯಿತು. ಮಕಾವು ನೀಡಿದ್ದ ಆ ಹೆಸರು ವಾಮೆ. ಅದು ಒಂದು ಹಾಡುಹಕ್ಕಿಯ ಹೆಸರು.

ಇಂಡೊನೇಷ್ಯಾದ ಜಕಾರ್ತಾ ಕೇಂದ್ರವು 2008ರಿಂದ ಸಮಭಾಜಕದ ದಕ್ಷಿಣಕ್ಕಿರುವ ತನ್ನ ಸಮೀಪದ ಕಡಲಿನ ಚಂಡಮಾರುತಗಳಿಗೆ ಹೆಸರಿಡುತ್ತಿದೆ. ಅದು ಇಟ್ಟ ಮೊದಲ ಹೆಸರು ದುರ್ಗಾ. ಬಳಿಕ ಹೂವುಗಳ ಹೆಸರುಗಳು ಬಂದವು. ನವೆಂಬರ್ 2017ರಲ್ಲಿ ಜಾವಾ ದ್ವೀಪಕ್ಕೆ ತೀರ ಹತ್ತಿರ ಹುಟ್ಟಿ ಪ್ರವಾಹ ಮತ್ತು ಭೂಕುಸಿತಗಳಿಗೆ ಕಾರಣವಾದದ್ದು ಚೆಂಪಕಾ, ಅಂದರೆ ನಮ್ಮ ಸಂಪಿಗೆ. ಏಪ್ರಿಲ್ 2021ರಲ್ಲಿ ತಿಮೋರ್ ಸುತ್ತಮುತ್ತ ನೂರಾರು ಜನರ ಸಾವಿಗೆ ಕಾರಣವಾದದ್ದು ಸೆರೋಜಾ, ಅಂದರೆ ಕಮಲ. ಸಂಸ್ಕೃತದ ಸರೋಜ ಶಬ್ದವೇ ಅಲ್ಲಿ ಈ ರೂಪದಲ್ಲಿ ಬಳಕೆಯಲ್ಲಿದೆ. ಹೆಸರು ಮೃದುವಾಗಿದ್ದ ಮಾತ್ರಕ್ಕೆ ಚಂಡಮಾರುತವೂ ಮೃದುವಾಗಿರುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ನವೆಂಬರ್ 2025ರಲ್ಲಿ ಮಲಾಕ್ಕಾ ಜಲಸಂಧಿಯಲ್ಲಿ ಚಂಡಮಾರುತ ಹುಟ್ಟಿದ್ದು ಇತ್ತೀಚಿನ ಉದಾಹರಣೆ. ಅತಿ ವಿರಳವಾದ ಈ ಜಾಗ ನವದೆಹಲಿ ಕೇಂದ್ರದ ವ್ಯಾಪ್ತಿಗೆ ಸೇರಿದ್ದು, ಸಂಯುಕ್ತ ಅರಬ್ ಸಂಸ್ಥಾನವು ಪಟ್ಟಿಗೆ ನೀಡಿದ್ದ ಸೆನ್ಯಾರ್ ಎಂಬ ಹೆಸರನ್ನು ಭಾರತೀಯ ಹವಾಮಾನ ಇಲಾಖೆ ಪ್ರಕಟಿಸಿತು. ಉತ್ತರ ಸುಮಾತ್ರಾ ಭಾಗದಲ್ಲಿ ಭಾರಿ ಪ್ರವಾಹ ಮತ್ತು ಭೂಕುಸಿತಗಳಿಂದ ನೂರಾರು ಜನ ಮೃತಪಟ್ಟರು.

9. ಚಂಡಮಾರುತವು ಗಡಿ ದಾಟಿದಾಗ

ಒಂದು ಕೇಂದ್ರದ ವ್ಯಾಪ್ತಿಯಿಂದ ಇನ್ನೊಂದರ ವ್ಯಾಪ್ತಿಗೆ ಚಂಡಮಾರುತ ಸಾಗಿದಾಗ ಹಿಂದೆ ಕೆಲವು ಕಡೆ ಹೆಸರು ಬದಲಿಸಲಾಗುತ್ತಿತ್ತು. ಫೆಬ್ರವರಿ 2000ದಲ್ಲಿ ಆಸ್ಟ್ರೇಲಿಯಾದ ವ್ಯಾಪ್ತಿಯಲ್ಲಿ ಲಿಯಾನ್ ಎನಿಸಿದ್ದ ಚಂಡಮಾರುತ ಪಶ್ಚಿಮಕ್ಕೆ ದಾಟಿದ ಮೇಲೆ ಎಲಿನ್ ಎಂಬ ಹೆಸರಿನಿಂದ ಮೊಜಾಂಬಿಕ್ ದೇಶವನ್ನು ಅಪ್ಪಳಿಸಿತು. ಇದರಿಂದ ದಾಖಲೆಗಳಲ್ಲಿ ಎರಡು ಹೆಸರುಗಳನ್ನು ಜೋಡಿಸಿ ಬರೆಯಬೇಕಾಯಿತು. 2023ರಲ್ಲಿ ಅದೇ ಹಾದಿಯಲ್ಲಿ ಸಾಗಿದ ಫ್ರೆಡ್ಡಿ ಚಂಡಮಾರುತವು ಆಸ್ಟ್ರೇಲಿಯಾ ನೀಡಿದ ಹೆಸರನ್ನೇ ಆಫ್ರಿಕಾ ತೀರದವರೆಗೂ ಉಳಿಸಿಕೊಂಡಿತು. ಮೊದಲು ಇಟ್ಟ ಹೆಸರನ್ನು ಕೊನೆಯವರೆಗೆ ಮುಂದುವರಿಸುವುದು ಜನರಿಗೆ ಅನುಕೂಲಕರ.

10. ಭಾರತದ ಸುತ್ತಲಿನ ಕಡಲು

ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳಿಗೆ ಹೆಸರಿಡುವ ಬಗ್ಗೆ 2000ನೇ ಇಸವಿಯಲ್ಲಿ ಒಮಾನ್‌ನ ಮಸ್ಕತ್‌ನಲ್ಲಿ ನಡೆದ ಸಭೆಯಲ್ಲಿ ತಾತ್ವಿಕ ಒಪ್ಪಿಗೆಯಾಯಿತು. 2004ರಲ್ಲಿ 8 ದೇಶಗಳ ಪಟ್ಟಿ ಬಳಕೆಗೆ ಬಂದು, ಅರಬ್ಬೀ ಸಮುದ್ರದ ಒನಿಲ್ ಮೊದಲ ಹೆಸರಾಯಿತು. ಮೇ 2020ರ ಅಂಫಾನ್ ಆ ಪಟ್ಟಿಯ ಕೊನೆಯ ಹೆಸರು. ಏಪ್ರಿಲ್ 2020ರಲ್ಲಿ ಪ್ರಕಟವಾದ ಹೊಸ ಪಟ್ಟಿಯಲ್ಲಿ 13 ದೇಶಗಳು ತಲಾ 13ರಂತೆ ನೀಡಿದ 169 ಹೆಸರುಗಳಿವೆ. ಗತಿ, ತೇಜ್, ವ್ಯೋಮ್, ನೀರ್, ಪ್ರಭಂಜನ್, ಅಂಬುದ್, ಜಲಧಿ, ವೇಗ ಮುಂತಾದವು ಭಾರತ ನೀಡಿದ ಹೆಸರುಗಳು. ಇಲ್ಲಿ ಒಮ್ಮೆ ಬಳಸಿದ ಹೆಸರನ್ನು ಮತ್ತೆ ಬಳಸುವುದಿಲ್ಲ.

ಪಟ್ಟಿ ಸಿದ್ಧವಿದ್ದರೂ ಹೆಸರಿಗಾಗಿ ಕಾಯುವುದು ಅಪಾಯಕಾರಿ ಎಂಬುದಕ್ಕೆ 2017ರ ಓಖಿ ಚಂಡಮಾರುತ ಉದಾಹರಣೆಯಾಗಿದೆ. ಶ್ರೀಲಂಕಾ ಮತ್ತು ಕನ್ಯಾಕುಮಾರಿಯ ನಡುವಿನ ಕಡಲಿನಲ್ಲಿ ನವೆಂಬರ್ 29ರಂದು ವಾಯುಭಾರ ಕುಸಿತವಾಗಿದ್ದ ಅದು ಮರುದಿನ ಬೆಳಿಗ್ಗೆಯೇ ಚಂಡಮಾರುತವಾಗಿ ಹೆಸರು ಪಡೆಯಿತು. ಅಷ್ಟರಲ್ಲಿ ಕೇರಳ ಮತ್ತು ತಮಿಳುನಾಡಿನ ಬಹಳಷ್ಟು ಮೀನುಗಾರಿಕಾ ದೋಣಿಗಳು ಆಳಸಮುದ್ರದಲ್ಲಿದ್ದವು. ನೂರಕ್ಕೂ ಹೆಚ್ಚು ಮೀನುಗಾರರು ಪ್ರಾಣ ಕಳೆದುಕೊಂಡರು ಅಥವಾ ಕಾಣೆಯಾದರು. ಹೆಸರು ಪ್ರಕಟವಾಗುವ ಮೊದಲಿನ ವಾಯುಭಾರ ಕುಸಿತದ ಸೂಚನೆಯನ್ನೂ ಎಚ್ಚರಿಕೆ ಎಂದೇ ಪರಿಗಣಿಸಬೇಕಾದ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ. ಕರ್ನಾಟಕದ ಕರಾವಳಿಯೂ ಇದಕ್ಕೆ ಹೊರತಲ್ಲ. ಮೇ 2021ರಲ್ಲಿ ತೌಕ್ತೆ ಚಂಡಮಾರುತವು ರಾಜ್ಯದ ತೀರವನ್ನು ನೇರವಾಗಿ ಪ್ರವೇಶಿಸದೆ ಉತ್ತರಕ್ಕೆ ಸಾಗಿದರೂ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಭಾರಿ ಮಳೆ ಹಾಗೂ ಕಡಲ್ಕೊರೆತ ಉಂಟಾಯಿತು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಾರ್ವಜನಿಕರು ಚಂಡಮಾರುತಕ್ಕೆ ಹೆಸರು ಸೂಚಿಸಬಹುದೇ?
ಉತ್ತರ: ಸೂಚಿಸಬಹುದು. ಸಲಹೆಗಳನ್ನು ನವದೆಹಲಿಯಲ್ಲಿರುವ ಭಾರತೀಯ ಹವಾಮಾನ ಇಲಾಖೆಯ ಮಹಾನಿರ್ದೇಶಕರಿಗೆ ಕಳುಹಿಸಬೇಕು. ಹೆಸರು ಚಿಕ್ಕದಾಗಿದ್ದು ಸುಲಭವಾಗಿ ಉಚ್ಚರಿಸುವಂತಿರಬೇಕು. ಇಂಗ್ಲಿಷ್ ಲಿಪಿಯಲ್ಲಿ 8 ಅಕ್ಷರಗಳನ್ನು ಮೀರಬಾರದು. ರಾಜಕೀಯ, ಧರ್ಮ, ಸಂಸ್ಕೃತಿ ಮತ್ತು ಲಿಂಗದ ದೃಷ್ಟಿಯಿಂದ ತಟಸ್ಥವಾಗಿರಬೇಕು. ಯಾವುದೇ ಜನವರ್ಗದ ಭಾವನೆಗಳಿಗೆ ನೋವುಂಟುಮಾಡಬಾರದು. ರಾಜ್ಯ ಸರ್ಕಾರದ ಕಚೇರಿಗಳಲ್ಲಿ ಈ ಬಗ್ಗೆ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ.

ಪ್ರಶ್ನೆ: ಒಂದೇ ಚಂಡಮಾರುತಕ್ಕೆ ಎರಡು ಹೆಸರು ಕೇಳಿಬಂದಲ್ಲಿ ಯಾವುದನ್ನು ನಂಬಬೇಕು?
ಉತ್ತರ: ಆಯಾ ಕಡಲಿನ ಹೊಣೆ ಹೊತ್ತ ಕೇಂದ್ರ ಅಥವಾ ಆಯಾ ದೇಶದ ಹವಾಮಾನ ಇಲಾಖೆ ಪ್ರಕಟಿಸಿದ ಹೆಸರನ್ನು ಅನುಸರಿಸಬೇಕು. ವಿದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ತಾವಿರುವ ದೇಶದ ಅಧಿಕೃತ ಪ್ರಕಟಣೆಯನ್ನು ಗಮನಿಸುವುದು ಸೂಕ್ತ.

ಪ್ರಶ್ನೆ: ಹಾನಿ ಪರಿಹಾರದ ಅರ್ಜಿಯಲ್ಲಿ ಚಂಡಮಾರುತದ ಹೆಸರು ಗೊತ್ತಿಲ್ಲದಿದ್ದರೆ ತೊಂದರೆಯಾಗುವುದೇ?
ಉತ್ತರ: ಇಲ್ಲ. ಹಾನಿ ಸಂಭವಿಸಿದ ದಿನಾಂಕ, ಸ್ಥಳ ಮತ್ತು ಹಾನಿಯ ವಿವರಗಳು ಮುಖ್ಯ. ಚಂಡಮಾರುತ ಮಾತ್ರವಲ್ಲದೆ ಪ್ರವಾಹ, ಭೂಕುಸಿತ, ಮೇಘಸ್ಫೋಟ ಮುಂತಾದವುಗಳೂ ವಿಪತ್ತು ಪರಿಹಾರ ನಿಧಿಯ ವ್ಯಾಪ್ತಿಯಲ್ಲಿವೆ. ಹೆಸರಿಲ್ಲದ ವಾಯುಭಾರ ಕುಸಿತದ ಮಳೆಯಿಂದ ಮನೆ ಬಿದ್ದವರೂ ತಮ್ಮ ಗ್ರಾಮದ ಕಂದಾಯ ಸಿಬ್ಬಂದಿ ಅಥವಾ ತಹಶೀಲ್ದಾರರ ಕಚೇರಿಗೆ ವಿಳಂಬವಿಲ್ಲದೆ ತಿಳಿಸಬೇಕು.

12. ನಾಗರಿಕರ ಗಮನಕ್ಕೆ

(ಅ) ಹೆಸರು ಬಂದಿಲ್ಲವೆಂದು ವಾಯುಭಾರ ಕುಸಿತದ ಸೂಚನೆಯನ್ನು ಕಡೆಗಣಿಸಬಾರದು.
(ಆ) ಹಿಂದೆಂದೂ ಇಲ್ಲಿ ಚಂಡಮಾರುತ ಬಂದಿಲ್ಲ ಎಂಬ ಕಾರಣಕ್ಕೆ ಸ್ಥಳಾಂತರದ ಸೂಚನೆಯನ್ನು ನಿರಾಕರಿಸಬಾರದು.
(ಇ) ಮೀನುಗಾರರು ಕಡಲಿಗೆ ಇಳಿಯುವ ಮುನ್ನ ಆ ದಿನದ ಹವಾಮಾನ ಸೂಚನೆಯನ್ನು ಕಡ್ಡಾಯವಾಗಿ ತಿಳಿದುಕೊಳ್ಳಬೇಕು. ಕಡಲಿನಲ್ಲಿ ಅಪಾಯ ಎದುರಾದಲ್ಲಿ ಕರಾವಳಿ ಕಾವಲು ಪಡೆಯ 1554 ಸಂಖ್ಯೆಗೆ, ದಡದಲ್ಲಿದ್ದಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗೆ ಕರೆ ಮಾಡಬಹುದು.
(ಈ) ಗಾಳಿಯ ವೇಗದಷ್ಟೇ ಮಳೆಯ ಪ್ರಮಾಣಕ್ಕೂ ಗಮನ ಕೊಡಬೇಕು. ಯಾಕು, ಡೇನಿಯಲ್ ಮತ್ತು ಸೆನ್ಯಾರ್ ಪ್ರಕರಣಗಳಲ್ಲಿ ಹೆಚ್ಚಿನ ಹಾನಿ ಉಂಟುಮಾಡಿದ್ದು ನೀರು.

ಯಾವ ಕಡಲಿನ ಚಂಡಮಾರುತವಾದರೂ ಅದರ ಹೆಸರು ಜನರಿಗೆ ಎಚ್ಚರಿಕೆ ಮುಟ್ಟಿಸುವ ಒಂದು ಸಾಧನ ಮಾತ್ರ. ಎಚ್ಚರಿಕೆಯನ್ನು ಕೇಳಿದವರು ಸಕಾಲದಲ್ಲಿ ಸುರಕ್ಷಿತ ಸ್ಥಳಕ್ಕೆ ತೆರಳಿದಾಗಲೇ ಅದರ ಉದ್ದೇಶ ಸಫಲವಾಗುತ್ತದೆ. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಪ್ರಯೋಜನ ಪಡೆದುಕೊಳ್ಳಲು ಕೋರಲಾಗಿದೆ.